ಗರ್ಭಿಣಿಯ ಮೊದಲ ಸ್ಕ್ಯಾನಿಂಗ್ ಯಾವಾಗ ಆಗಬೇಕು? – ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ



ತಾಯಿ ಮತ್ತು ಶಿಶುವಿನ ಆರೋಗ್ಯದ ವಿಷಯವು ಗ್ರಾಮ ಪಂಚಾಯಿತಿಯ ಸಭೆಗಳಲ್ಲಿ ಚರ್ಚೆಗೆ ಬಂದಾಗ ಸಾಮಾನ್ಯವಾಗಿ ಹೆರಿಗೆ, ಆಂಬ್ಯುಲೆನ್ಸ್, ಲಸಿಕೆ ಹಾಗೂ ಅಂಗನವಾಡಿ ಆಹಾರ ಇವೇ ಪ್ರಸ್ತಾಪವಾಗುತ್ತವೆ. ಗರ್ಭದ ಮೊದಲ ಮೂರು ತಿಂಗಳ ವಿಚಾರ ಸಭೆಗೆ ಬರುವುದು ಅಪರೂಪ. ಆದರೆ ಎಂಟನೆಯ, ಒಂಬತ್ತನೆಯ ತಿಂಗಳಿನಲ್ಲಿ ವೈದ್ಯರು ಕೈಗೊಳ್ಳುವ ಅನೇಕ ನಿರ್ಧಾರಗಳು ಮೊದಲ ಮೂರು ತಿಂಗಳಿನಲ್ಲಿ ನಡೆದ ಒಂದು ಪರೀಕ್ಷೆಯ ಮೇಲೆ ನಿಂತಿರುತ್ತವೆ. ಆ ಪರೀಕ್ಷೆಯೇ ಮೊದಲ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಅದು ಯಾವ ವಾರದಲ್ಲಿ ಆಗಬೇಕು, ಏಕೆ ಆಗಬೇಕು, ತೀರ ಬೇಗ ಮಾಡಿಸಿದರೆ ಏನಾಗುತ್ತದೆ, ತಡವಾದರೆ ಏನು ಕೈತಪ್ಪುತ್ತದೆ ಎಂಬುದನ್ನು ತಮಗೆ ವಿವರಿಸುವುದು ಈ ಲೇಖನದ ಉದ್ದೇಶ.

ಗರ್ಭಿಣಿಗೆ ಸಲಹೆ ನೀಡುವುದು ವೈದ್ಯರ ಮತ್ತು ಆರೋಗ್ಯ ಸಿಬ್ಬಂದಿಯ ಕೆಲಸ. ಆ ಸಲಹೆ ಸಕಾಲದಲ್ಲಿ ಅವಳನ್ನು ತಲುಪುವಂತೆ ಮಾಡುವುದು, ತಲುಪಲು ಇರುವ ಅಡೆತಡೆಗಳನ್ನು ನಿವಾರಿಸುವುದು ಮಾತ್ರ ಪಂಚಾಯಿತಿಯ ಕೈಯಲ್ಲಿದೆ.

ಒಂದು ಉದಾಹರಣೆ

ವಿಷಯ ಮನದಟ್ಟಾಗಲೆಂದು ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಭದ್ರಾವತಿ ತಾಲ್ಲೂಕಿನ ಗ್ರಾಮವೊಂದರ ಯುವತಿ ಮದುವೆಯಾಗಿ, ಪತಿಯ ಕೆಲಸದ ನಿಮಿತ್ತ ಶಿವಮೊಗ್ಗ ನಗರದ ಗೋಪಾಳದಲ್ಲಿ ಬಾಡಿಗೆ ಮನೆಯಲ್ಲಿ ವಾಸವಾಗಿದ್ದಾಳೆ. ಮುಟ್ಟು ನಿಂತಿದೆ. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂದು ಮನೆಯ ಹಿರಿಯರ ಮಾತು. ನಗರದ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ, 'ನಾನು ಊರಿಗೆ ಹೋಗಿ ಅಲ್ಲಿಯೇ ಹೆಸರು ಬರೆಸುತ್ತೇನೆ' ಎನ್ನುತ್ತಾಳೆ. ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳು ನಗರಕ್ಕೆ ಹೋದವಳು. ಹೀಗೆ ಎರಡೂ ಕಡೆಯ ಪಟ್ಟಿಯಿಂದ ಹೊರಗುಳಿದವಳು ಏಳನೆಯ ತಿಂಗಳಿನಲ್ಲಿ ತವರಿಗೆ ಬಂದು ಮೊದಲ ಬಾರಿಗೆ ತಾಯಿ ಕಾರ್ಡ್ ಪಡೆಯುತ್ತಾಳೆ. 'ಕೊನೆಯ ಮುಟ್ಟು ಯಾವಾಗ ಆಯಿತು?' ಎಂಬ ಪ್ರಶ್ನೆಗೆ, ಮುಟ್ಟು ಬಾರದೆ ತಪ್ಪಿದ ದಿನವನ್ನು, ಅಂದರೆ ಅಕ್ಟೋಬರ್ 29 ಎಂದು ಹೇಳುತ್ತಾಳೆ. ವಾಸ್ತವದಲ್ಲಿ ಅವಳ ಕೊನೆಯ ಮುಟ್ಟಿನ ಮೊದಲ ದಿನ ಅಕ್ಟೋಬರ್ 1.

ಇಲ್ಲಿ ಆದದ್ದು ಕೇವಲ ನಾಲ್ಕು ವಾರಗಳ ವ್ಯತ್ಯಾಸ. ಆದರೆ ಅವಳ ಹೆರಿಗೆಯ ನಿರೀಕ್ಷಿತ ದಿನಾಂಕ ಜುಲೈ 8 ಆಗಿರಬೇಕಾದದ್ದು ಆಗಸ್ಟ್ 5 ಎಂದು ಕಾರ್ಡಿನಲ್ಲಿ ದಾಖಲಾಗುತ್ತದೆ. ಜುಲೈ ಎರಡನೆಯ ವಾರ ಕಳೆದರೂ 'ಇನ್ನೂ ಮೂರು ವಾರ ಇದೆ' ಎಂದು ಮನೆಯವರು ನಿಶ್ಚಿಂತೆಯಿಂದಿರುತ್ತಾರೆ. ಕಾರ್ಡಿನ ಲೆಕ್ಕದಲ್ಲಿ 37 ವಾರ ತುಂಬುವ ಹೊತ್ತಿಗೆ ಗರ್ಭಕ್ಕೆ ನಿಜವಾಗಿ 41 ವಾರ ತುಂಬಿರುತ್ತದೆ. ದಿನ ಮೀರಿದ ಗರ್ಭದಲ್ಲಿ ಮಾಸು ತನ್ನ ಕೆಲಸವನ್ನು ಕುಗ್ಗಿಸಿಕೊಳ್ಳತೊಡಗಬಹುದು. ಮಗುವಿಗೆ ಸಿಗುವ ಆಮ್ಲಜನಕ ಮತ್ತು ಪೋಷಣೆ ಕಡಿಮೆಯಾಗಬಹುದು. ವೈದ್ಯರಿಗೆ ಇದು 41 ವಾರದ ಗರ್ಭವೆಂದು ತಿಳಿದಿದ್ದರೆ ಹೆರಿಗೆ ನೋವು ಬರಿಸುವ ಬಗ್ಗೆ ಯೋಚಿಸುತ್ತಿದ್ದರು. ತಿಳಿಯದ ಕಾರಣ ಕಾಯುತ್ತಾರೆ. ಇಂತಹ ಕಾಯುವಿಕೆಯಲ್ಲಿ ಮಗುವಿನ ಪ್ರಾಣಕ್ಕೇ ಅಪಾಯ ಒದಗಬಹುದು. ಮೊದಲ ಮೂರು ತಿಂಗಳಿನಲ್ಲಿ ಒಂದು ಸ್ಕ್ಯಾನಿಂಗ್ ಆಗಿದ್ದರೆ ಈ ತಪ್ಪು ಅಂದೇ ಸರಿಯಾಗುತ್ತಿತ್ತು.

ದಿನಗಳ ಲೆಕ್ಕ ಹೇಗೆ?

ಗರ್ಭದ ವಯಸ್ಸನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದು ರೂಢಿ. ಆ ದಿನದಿಂದ 280 ದಿನಗಳಿಗೆ, ಅಂದರೆ 40 ವಾರಗಳಿಗೆ, ಹೆರಿಗೆಯ ನಿರೀಕ್ಷಿತ ದಿನ ಬರುತ್ತದೆ. ಸುಲಭವಾಗಿ ಹೇಳುವುದಾದರೆ, ಆ ದಿನಾಂಕಕ್ಕೆ ಒಂಬತ್ತು ತಿಂಗಳು ಮತ್ತು ಏಳು ದಿನಗಳನ್ನು ಸೇರಿಸಬೇಕು. ಜೂನ್ 10ರಂದು ಕೊನೆಯ ಮುಟ್ಟು ಆರಂಭವಾಗಿದ್ದರೆ ನಿರೀಕ್ಷಿತ ದಿನ ಮಾರ್ಚ್ 17.

ಈ ಲೆಕ್ಕ ಸರಿಯಾಗಬೇಕಾದರೆ ಋತುಚಕ್ರವು 28 ದಿನಗಳಿಗೊಮ್ಮೆ ಕ್ರಮವಾಗಿ ಬರುತ್ತಿರಬೇಕು ಮತ್ತು ದಿನಾಂಕ ಖಚಿತವಾಗಿ ನೆನಪಿರಬೇಕು. ನಮ್ಮ ಗ್ರಾಮಗಳಲ್ಲಿ ಈ ಎರಡೂ ಸಂಗತಿಗಳು ಎಲ್ಲರಿಗೂ ಅನ್ವಯಿಸುವುದಿಲ್ಲ. 'ಗೌರಿ ಹಬ್ಬಕ್ಕೆ ಮುಂಚೆ', 'ಭೂಮಿ ಹುಣ್ಣಿಮೆ ಆದ ಮೇಲೆ', 'ಅಡಿಕೆ ಕೊಯ್ಲಿನ ಹೊತ್ತಿನಲ್ಲಿ' ಎಂದು ನೆನಪಿಸಿಕೊಳ್ಳುವವರು ಅನೇಕರು. ಲೆಕ್ಕ ತಪ್ಪುವ ಸಾಮಾನ್ಯ ಸಂದರ್ಭಗಳು ಇವು:

1. ಕೊನೆಯ ಮುಟ್ಟಿನ ದಿನದ ಬದಲು ಮುಟ್ಟು ತಪ್ಪಿದ ದಿನವನ್ನು ಹೇಳುವುದು. ಮೇಲಿನ ಉದಾಹರಣೆ ಇಂತಹುದು.

2. ಹಿಂದಿನ ಮಗುವಿಗೆ ಹಾಲೂಡಿಸುತ್ತಿರುವಾಗ, ಮುಟ್ಟು ಮರಳಿ ಬರುವ ಮುನ್ನವೇ ಗರ್ಭ ನಿಲ್ಲುವುದು. ಇಲ್ಲಿ ಎಣಿಸಲು ದಿನಾಂಕವೇ ಇರುವುದಿಲ್ಲ.

3. ಗರ್ಭ ನಿಂತ ಆರಂಭದಲ್ಲಿ ಕಾಣಿಸುವ ಅಲ್ಪ ರಕ್ತಸ್ರಾವವನ್ನು ಮುಟ್ಟೆಂದು ಭಾವಿಸುವುದು. ಇದರಿಂದ ಗರ್ಭದ ವಯಸ್ಸನ್ನು ಸುಮಾರು ಒಂದು ತಿಂಗಳು ಕಡಿಮೆ ಎಣಿಸಿದಂತಾಗುತ್ತದೆ.

4. ಋತುಚಕ್ರ 40–45 ದಿನಗಳಿಗೊಮ್ಮೆ ಬರುವುದು. ಇವರಲ್ಲಿ ಗರ್ಭ ತಡವಾಗಿ ನಿಂತಿರುತ್ತದೆ; ಲೆಕ್ಕದಲ್ಲಿ ದಿನ ತುಂಬಿದಂತೆ ಕಂಡರೂ ಮಗು ಇನ್ನೂ ಬೆಳೆಯುತ್ತಿರುತ್ತದೆ. ಅವಸರದಿಂದ ಹೆರಿಗೆ ಮಾಡಿಸಿದರೆ ಮಗುವಿಗೆ ಉಸಿರಾಟದ ತೊಂದರೆಯಾಗಬಹುದು.

ಮೊದಲ ಮೂರು ತಿಂಗಳ ಸ್ಕ್ಯಾನಿಂಗ್ ಏಕೆ ಹೆಚ್ಚು ನಿಖರ?

ಗರ್ಭದ ಆರಂಭದ ವಾರಗಳಲ್ಲಿ ಎಲ್ಲ ಭ್ರೂಣಗಳೂ ಬಹುತೇಕ ಒಂದೇ ವೇಗದಲ್ಲಿ ಬೆಳೆಯುತ್ತವೆ. ತಾಯಿ ಎತ್ತರವಿರಲಿ ಕುಳ್ಳಗಿರಲಿ, ಬಡವಳಿರಲಿ ಉಳ್ಳವಳಿರಲಿ, ಆ ಹಂತದಲ್ಲಿ ಭ್ರೂಣದ ಉದ್ದದಲ್ಲಿ ಹೆಚ್ಚಿನ ಅಂತರವಿರುವುದಿಲ್ಲ. ಆದ್ದರಿಂದ ಭ್ರೂಣದ ತಲೆಯ ತುದಿಯಿಂದ ಪೃಷ್ಠದವರೆಗಿನ ಉದ್ದವನ್ನು ಮಿಲಿಮೀಟರುಗಳಲ್ಲಿ ಅಳೆದು ಗರ್ಭದ ವಯಸ್ಸನ್ನು ಹೇಳಲು ಸಾಧ್ಯ. ಸ್ಕ್ಯಾನಿಂಗ್ ವರದಿಯಲ್ಲಿ ಇದನ್ನು 'ಸಿ.ಆರ್.ಎಲ್.' ಎಂದು ಬರೆದಿರುತ್ತಾರೆ. ಗ್ಲಾಸ್ಗೋ ನಗರದಲ್ಲಿ ಇಯಾನ್ ಡೊನಾಲ್ಡ್ ಎಂಬ ವೈದ್ಯರು 1958ರಲ್ಲಿ ಗರ್ಭಕೋಶದ ಅಲ್ಟ್ರಾಸೌಂಡ್ ಚಿತ್ರಗಳನ್ನು ವೈದ್ಯಲೋಕದ ಮುಂದಿಟ್ಟರು. ಅದೇ ನಗರದ ಹ್ಯೂ ರಾಬಿನ್‌ಸನ್ ಅವರು 1973ರಲ್ಲಿ ಈ ಉದ್ದದ ಅಳತೆಯ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಗರ್ಭದ ವಯಸ್ಸನ್ನು ತಿಳಿಯಲು ಇದೇ ಅಳತೆಯನ್ನು ಆಧಾರವಾಗಿ ಬಳಸಲಾಗುತ್ತಿದೆ.

ವಾರಗಳು ಕಳೆದಂತೆ ಒಂದು ಮಗುವಿಗೂ ಇನ್ನೊಂದು ಮಗುವಿಗೂ ಬೆಳವಣಿಗೆಯಲ್ಲಿ ಅಂತರ ಹೆಚ್ಚುತ್ತದೆ. ತಾಯಿಯ ಪೋಷಣೆ, ರಕ್ತಹೀನತೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ವಂಶದ ದೇಹಪ್ರಕೃತಿ ಎಲ್ಲವೂ ಮಗುವಿನ ಗಾತ್ರದ ಮೇಲೆ ಪರಿಣಾಮ ಬೀರುತ್ತವೆ. ಆಗ ಗಾತ್ರವನ್ನು ನೋಡಿ ವಯಸ್ಸು ಹೇಳುವುದು ಕಷ್ಟ. ಸ್ಕ್ಯಾನಿಂಗ್ ಮೂಲಕ ಹೇಳುವ ದಿನಾಂಕದಲ್ಲಿ ಇರಬಹುದಾದ ಹೆಚ್ಚು-ಕಡಿಮೆಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು:

– 9 ವಾರಕ್ಕೆ ಮುನ್ನ: ಸುಮಾರು 5 ದಿನ
– 9ರಿಂದ 14 ವಾರದೊಳಗೆ: ಸುಮಾರು 7 ದಿನ
– 16ರಿಂದ 22 ವಾರದೊಳಗೆ: ಸುಮಾರು 10 ದಿನ
– 22ರಿಂದ 28 ವಾರದೊಳಗೆ: ಸುಮಾರು 14 ದಿನ
– 28 ವಾರದ ನಂತರ: ಸುಮಾರು 21 ದಿನ

ಏಳನೆಯ ತಿಂಗಳು ಕಳೆದ ಮೇಲೆ ಮೊದಲ ಬಾರಿಗೆ ಸ್ಕ್ಯಾನಿಂಗ್ ಮಾಡಿಸಿದರೆ ದಿನಾಂಕ ಹಿಂದಕ್ಕೆ ಮೂರು ವಾರ, ಮುಂದಕ್ಕೆ ಮೂರು ವಾರ ಸರಿಯಬಹುದು. ಮಗು ಚಿಕ್ಕದಾಗಿ ಕಂಡರೆ ಅದಕ್ಕೆ ದಿನ ಕಡಿಮೆಯೋ ಅಥವಾ ದಿನ ತುಂಬಿದ್ದರೂ ಬೆಳವಣಿಗೆ ಕುಂಠಿತವಾಗಿದೆಯೋ ಎಂದು ಹೇಳಲು ವೈದ್ಯರಿಗೂ ಆಗುವುದಿಲ್ಲ. ಈ ಎರಡಕ್ಕೂ ಮಾಡಬೇಕಾದ ಚಿಕಿತ್ಸೆ ಬೇರೆ ಬೇರೆ. ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿದ್ದಾಗ ಮಗುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ನೀಡುವ ಚುಚ್ಚುಮದ್ದನ್ನು 24ರಿಂದ 34 ವಾರಗಳ ನಡುವೆ ಕೊಡುವುದು ನಮ್ಮ ದೇಶದ ಕ್ರಮ. ವಾರವೇ ಖಚಿತವಿಲ್ಲದಿದ್ದರೆ ಆ ನಿರ್ಧಾರವೂ ಅಂದಾಜಿನ ಮೇಲೆ ನಡೆಯಬೇಕಾಗುತ್ತದೆ.

ಹಾಗಾದರೆ ಸರಿಯಾದ ಸಮಯ ಯಾವುದು?

ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಗರ್ಭಿಣಿಯ ಮೊದಲ ತಪಾಸಣೆ 12 ವಾರದೊಳಗೆ ಆಗಬೇಕು ಹಾಗೂ 24 ವಾರ ತುಂಬುವ ಮುನ್ನ ಕನಿಷ್ಠ ಒಂದು ಸ್ಕ್ಯಾನಿಂಗ್ ಆಗಬೇಕು ಎಂದು ತಿಳಿಸಿದೆ. ಇದು ಕನಿಷ್ಠ ಮಿತಿ. ಸೌಲಭ್ಯವಿರುವಲ್ಲಿ ಮೊದಲ ಸ್ಕ್ಯಾನಿಂಗ್ ಅನ್ನು ಮೊದಲ ಮೂರು ತಿಂಗಳೊಳಗೇ ಮಾಡಿಸುವುದು ಉತ್ತಮ ಎಂಬುದರಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸಮಯವನ್ನು ಹೀಗೆ ವಿಂಗಡಿಸಿ ನೋಡಬಹುದು.

5ರಿಂದ 6ನೆಯ ವಾರ: ಈ ಹಂತದಲ್ಲಿ ಗರ್ಭಚೀಲ ಕಾಣಿಸತೊಡಗುತ್ತದೆ, ಭ್ರೂಣದ ಹೃದಯದ ಮಿಡಿತ ಸುಮಾರು 6ನೆಯ ವಾರದಲ್ಲಿ ಗೋಚರಿಸತೊಡಗುತ್ತದೆ. ಹೊಟ್ಟೆಯ ಮೇಲಿನಿಂದ ನೋಡುವ ಸ್ಕ್ಯಾನಿಂಗ್‌ನಲ್ಲಿ ಇವು ಇನ್ನೂ ಒಂದು ವಾರ ತಡವಾಗಿ ಕಾಣಬಹುದು. ಮನೆಯಲ್ಲಿ ಪರೀಕ್ಷೆ ಮಾಡಿದ ಮಾರನೆಯ ದಿನವೇ ಸ್ಕ್ಯಾನಿಂಗ್‌ಗೆ ಓಡುವವರಿಗೆ 'ಹೃದಯ ಬಡಿತ ಕಾಣುತ್ತಿಲ್ಲ' ಎಂಬ ಉತ್ತರ ಸಿಗುವುದುಂಟು. ಬಹಳಷ್ಟು ವೇಳೆ ಅದರ ಅರ್ಥ ಗರ್ಭ ಹಾಳಾಗಿದೆ ಎಂದಲ್ಲ, ನೋಡುವ ಸಮಯ ಇನ್ನೂ ಬಂದಿಲ್ಲ ಎಂದು. ಇಂತಹ ವರದಿಯೊಂದನ್ನೇ ನಂಬಿ ಯಾರೂ ಗರ್ಭವನ್ನು ತೆಗೆಸುವ ನಿರ್ಧಾರ ಮಾಡಬಾರದು. ವೈದ್ಯರು ಹೇಳಿದಂತೆ ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕು. ಯಾವುದೇ ತೊಂದರೆಯಿಲ್ಲದವರು ಗರ್ಭ ನಿಂತಿದೆಯೇ ಎಂದು ತಿಳಿಯಲಷ್ಟೇ ಇಷ್ಟು ಬೇಗ ಸ್ಕ್ಯಾನಿಂಗ್ ಮಾಡಿಸುವ ಅಗತ್ಯವಿಲ್ಲ. ಆಶಾ ಕಾರ್ಯಕರ್ತೆಯ ಬಳಿ ದೊರೆಯುವ ನಿಶ್ಚಯ್ ಕಿಟ್‌ನಿಂದ ಮೂತ್ರ ಪರೀಕ್ಷೆ ಮಾಡಿಕೊಂಡರೆ ಸಾಕು.

7ರಿಂದ 9ನೆಯ ವಾರ: ಮುಟ್ಟಿನ ದಿನಾಂಕ ನೆನಪಿಲ್ಲದವರು, ಋತುಚಕ್ರ ಕ್ರಮವಾಗಿಲ್ಲದವರು, ಹಿಂದೆ ಗರ್ಭಪಾತವಾದವರು, ಹಿಂದೆ ಸಿಸೇರಿಯನ್ ಆದವರು, ಬಂಜೆತನಕ್ಕೆ ಚಿಕಿತ್ಸೆ ಪಡೆದವರು ವೈದ್ಯರ ಸಲಹೆಯಂತೆ ಈ ವಾರಗಳಲ್ಲಿ ಸ್ಕ್ಯಾನಿಂಗ್ ಮಾಡಿಸುವುದು ಒಳಿತು. ಗರ್ಭವು ಗರ್ಭಕೋಶದೊಳಗೇ ಇದೆಯೇ, ಹೃದಯ ಮಿಡಿಯುತ್ತಿದೆಯೇ, ಎಷ್ಟು ವಾರವಾಗಿದೆ ಎಂಬುದು ಇದರಿಂದ ತಿಳಿಯುತ್ತದೆ.

11 ವಾರದಿಂದ 13 ವಾರ 6 ದಿನ: ಮೊದಲ ಮೂರು ತಿಂಗಳಿನಲ್ಲಿ ಒಂದೇ ಸ್ಕ್ಯಾನಿಂಗ್ ಸಾಧ್ಯವಿರುವವರಿಗೆ ಹೆಚ್ಚು ಪ್ರಯೋಜನ ನೀಡುವ ಅವಧಿ ಇದು. ದಿನಾಂಕವನ್ನು ಖಚಿತಪಡಿಸಿಕೊಳ್ಳಬಹುದು. ಅವಳಿಯಿದ್ದರೆ ಎರಡೂ ಮಕ್ಕಳಿಗೆ ಒಂದೇ ಮಾಸು ಇದೆಯೋ ಬೇರೆ ಬೇರೆ ಇವೆಯೋ ಎಂಬುದು ಈ ಅವಧಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಂತರ ಹೇಳುವುದು ಕಷ್ಟವಾಗುತ್ತದೆ. ಒಂದೇ ಮಾಸನ್ನು ಹಂಚಿಕೊಂಡ ಅವಳಿಗಳಲ್ಲಿ ಒಂದು ಮಗುವಿಗೆ ರಕ್ತ ಹೆಚ್ಚಾಗಿ ಹರಿದು ಇನ್ನೊಂದಕ್ಕೆ ಕಡಿಮೆಯಾಗುವ ಅಪಾಯವಿರುವುದರಿಂದ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ತಪಾಸಣೆ ಬೇಕಾಗುತ್ತದೆ. ತಲೆಬುರುಡೆ ರೂಪುಗೊಳ್ಳದಿರುವಂತಹ ಕೆಲವು ಗಂಭೀರ ದೋಷಗಳೂ ಈ ಅವಧಿಯಲ್ಲಿ ಕಾಣಿಸಬಹುದು. ಮಗುವಿನ ಕುತ್ತಿಗೆಯ ಹಿಂಭಾಗದ ದ್ರವದ ದಪ್ಪವನ್ನು ಅಳೆಯುವ ಪರೀಕ್ಷೆಯೂ ಈ ವಾರಗಳಲ್ಲಿಯೇ ಆಗಬೇಕು.

18ರಿಂದ 20ನೆಯ ವಾರ: ಇದು ಮಗುವಿನ ಅಂಗಾಂಗಗಳನ್ನು ಪರಿಶೀಲಿಸುವ ಸ್ಕ್ಯಾನಿಂಗ್. ಮೊದಲ ಸ್ಕ್ಯಾನಿಂಗ್ ಆಗಿದೆಯೆಂದು ಇದನ್ನು ಬಿಡುವಂತಿಲ್ಲ. ಹೃದಯ, ಬೆನ್ನುಹುರಿ, ಮೂತ್ರಪಿಂಡ ಮುಂತಾದವು ವಿವರವಾಗಿ ಕಾಣುವುದು ಈಗಲೇ.

ಕೊನೆಯ ಮುಟ್ಟು ಜೂನ್ 10ರಂದು ಆರಂಭವಾದವರಿಗೆ ಈ ಲೆಕ್ಕ ಹೀಗಾಗುತ್ತದೆ: 7 ವಾರ ತುಂಬುವುದು ಜುಲೈ 29ಕ್ಕೆ, 11 ವಾರದಿಂದ 13 ವಾರ 6 ದಿನದ ಅವಧಿ ಆಗಸ್ಟ್ 26ರಿಂದ ಸೆಪ್ಟೆಂಬರ್ 15ರವರೆಗೆ, 18 ವಾರ ತುಂಬುವುದು ಅಕ್ಟೋಬರ್ 14ಕ್ಕೆ, 20 ವಾರ ತುಂಬುವುದು ಅಕ್ಟೋಬರ್ 28ಕ್ಕೆ. ಎರಡನೆಯ ಅವಧಿಗೆ ಇರುವುದು ಕೇವಲ ಮೂರು ವಾರ. ಮಳೆ, ನಾಟಿ, ಹಬ್ಬ ಎಂದು ಎರಡು ಬಾರಿ ಮುಂದೂಡಿದರೆ ಅದು ಮುಗಿದೇ ಹೋಗುತ್ತದೆ.

ಕಾಯಬಾರದ ಸಂದರ್ಭಗಳು

ಮೇಲೆ ಹೇಳಿದ ವಾರಗಳ ಲೆಕ್ಕ ತೊಂದರೆಯಿಲ್ಲದ ಗರ್ಭಿಣಿಯರಿಗೆ ಮಾತ್ರ. ಮುಟ್ಟು ತಪ್ಪಿದ ನಂತರ ಕೆಳಹೊಟ್ಟೆಯಲ್ಲಿ, ಅದರಲ್ಲಿಯೂ ಒಂದು ಬದಿಯಲ್ಲಿ, ತೀವ್ರ ನೋವು, ರಕ್ತಸ್ರಾವ, ತಲೆಸುತ್ತಿ ಬೀಳುವುದು, ಭುಜದ ತುದಿಯಲ್ಲಿ ನೋವು ಇವು ಕಂಡರೆ ಯಾವ ವಾರವೆಂದು ನೋಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಗರ್ಭವು ಗರ್ಭಕೋಶದಲ್ಲಿ ನಿಲ್ಲದೆ ಅಂಡನಾಳದಲ್ಲಿ ನಿಂತಿರುವ ಸಾಧ್ಯತೆ ಇರುತ್ತದೆ. ನೂರು ಗರ್ಭಗಳಲ್ಲಿ ಒಂದರಿಂದ ಎರಡು ಹೀಗಾಗುತ್ತವೆ. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಹರಿಯುತ್ತದೆ. ಹೊರಗೆ ಕಾಣುವ ರಕ್ತ ಅಲ್ಪವೇ ಇರಬಹುದು. ಇದನ್ನು ಗ್ಯಾಸ್ಟ್ರಿಕ್ ಎಂದೋ ಮುಟ್ಟಿನ ನೋವೆಂದೋ ಭಾವಿಸಿ ಮನೆಮದ್ದು ಮಾಡುತ್ತ ಕಳೆದ ಕೆಲವೇ ಗಂಟೆಗಳು ತಾಯಿಯ ಜೀವಕ್ಕೆ ಎರವಾಗಬಹುದು. ಇಂತಹ ಸಂದರ್ಭದಲ್ಲಿ 108ಕ್ಕೆ ಕರೆ ಮಾಡುವಾಗ 'ಎರಡು ತಿಂಗಳ ಗರ್ಭಿಣಿ, ಹೊಟ್ಟೆನೋವಿದೆ, ತಲೆಸುತ್ತು ಬಂದಿದೆ' ಎಂದು ಸ್ಪಷ್ಟವಾಗಿ ತಿಳಿಸಬೇಕು.

ಜನರಲ್ಲಿರುವ ಸಂದೇಹಗಳು

'ಸ್ಕ್ಯಾನಿಂಗ್‌ನಿಂದ ಮಗುವಿಗೆ ತೊಂದರೆಯಾಗುವುದಿಲ್ಲವೇ?' ಸ್ಕ್ಯಾನಿಂಗ್ ಯಂತ್ರ ಬಳಸುವುದು ಕಿವಿಗೆ ಕೇಳಿಸದಷ್ಟು ಹೆಚ್ಚಿನ ಕಂಪನದ ಶಬ್ದದ ಅಲೆಗಳನ್ನು. ಎಕ್ಸರೇಯಲ್ಲಿರುವಂತಹ ವಿಕಿರಣ ಇದರಲ್ಲಿಲ್ಲ. ವೈದ್ಯಕೀಯ ಕಾರಣಕ್ಕಾಗಿ, ಅಗತ್ಯವಿರುವಷ್ಟು ಹೊತ್ತು ಮಾತ್ರ ಮಾಡುವ ಸ್ಕ್ಯಾನಿಂಗ್‌ನಿಂದ ಹಾನಿಯಾಗುವುದು ಕಂಡುಬಂದಿಲ್ಲ. ಹಾಗೆಂದು ಕಾರಣವಿಲ್ಲದೆ ಪದೇಪದೇ ಮಾಡಿಸುವುದೂ ಸಲ್ಲದು; ಅದರಿಂದ ಹಣದ ವ್ಯಯವೇ ಹೊರತು ಲಾಭವಿಲ್ಲ.

'ಮೂರು ತಿಂಗಳು ತುಂಬುವ ಮೊದಲು ಹೇಳಬಾರದಲ್ಲವೇ?' ಇದು ಹಿರಿಯರ ಕಾಳಜಿಯಿಂದ ಬಂದ ಮಾತು. ಆರಂಭದಲ್ಲಿ ಗರ್ಭ ಇಳಿದುಹೋಗುವ ಸಂಭವ ಹೆಚ್ಚಿರುವುದರಿಂದ, ಊರಿಗೆಲ್ಲ ತಿಳಿದು ಹೆಣ್ಣುಮಗಳು ನೋಯಬಾರದೆಂಬ ಎಚ್ಚರಿಕೆ ಅದರಲ್ಲಿದೆ. ಅದನ್ನು ಹೀಗಳೆಯಬೇಕಾಗಿಲ್ಲ. ಆದರೆ ಆಶಾ ಕಾರ್ಯಕರ್ತೆಗೆ ಹೇಳುವುದು ಊರಿಗೆ ಹೇಳಿದಂತಲ್ಲ. ಅವರು ಗುಟ್ಟು ಕಾಯಬೇಕಾದವರು. ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯಂದು ಗದ್ದೆಯ ಪೈರನ್ನೇ ಬಸುರಿಯೆಂದು ಭಾವಿಸಿ ಬಯಕೆಯ ಅಡುಗೆ ಬಡಿಸುತ್ತೇವೆ. ಆದರೆ ಪೈರಿಗೆ ನೀರು, ಗೊಬ್ಬರ, ಕಳೆಯ ಚಿಂತೆ ನಾಟಿಯ ದಿನದಿಂದಲೇ ಇರುತ್ತದೆ. ಸೀಮಂತದ ಸಂಭ್ರಮ ಅದರ ಕಾಲಕ್ಕೆ ಆಗಲಿ. ಆರೈಕೆ ಮೊದಲ ದಿನದಿಂದ ಇರಲಿ ಎಂದು ಮನೆಯ ಹಿರಿಯರಿಗೆ ತಿಳಿಹೇಳಬಹುದು.

'ಪ್ರತಿ ತಿಂಗಳು 9ನೆಯ ತಾರೀಖು ಹೋದರಾಗದೇ?' ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನವು 2016ರಿಂದ ಪ್ರತಿ ತಿಂಗಳ 9ರಂದು ನಡೆಯುತ್ತಿದೆ. ಅದು ಮುಖ್ಯವಾಗಿ ಮೂರು ತಿಂಗಳು ಕಳೆದ ಗರ್ಭಿಣಿಯರಿಗಾಗಿ ರೂಪಿಸಿದ ಕಾರ್ಯಕ್ರಮ. ಆ ದಿನಕ್ಕಾಗಿ ಕಾಯುತ್ತ ಕುಳಿತರೆ ಮೊದಲ ಸ್ಕ್ಯಾನಿಂಗ್‌ನ ಅವಧಿ ಮೀರಬಹುದು. ಮುಟ್ಟು ತಪ್ಪಿದ ಕೂಡಲೇ ಹೆಸರು ನೋಂದಾಯಿಸಿ, ವೈದ್ಯಾಧಿಕಾರಿಯಿಂದ ಸ್ಕ್ಯಾನಿಂಗ್‌ಗೆ ಚೀಟಿ ಬರೆಸಿಕೊಳ್ಳಬೇಕು. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಗೆ ಅಗತ್ಯವಿರುವ ರಕ್ತ, ಮೂತ್ರ ಪರೀಕ್ಷೆ ಹಾಗೂ ಸ್ಕ್ಯಾನಿಂಗ್ ಉಚಿತ.

'ಒಂದೊಂದು ಸ್ಕ್ಯಾನಿಂಗ್‌ನಲ್ಲಿ ಒಂದೊಂದು ದಿನಾಂಕ ಬರುತ್ತದೆ, ಯಾವುದನ್ನು ನಂಬುವುದು?' ಪ್ರತಿ ಸ್ಕ್ಯಾನಿಂಗ್‌ನಲ್ಲಿ ಯಂತ್ರವು ಅಂದಿನ ಗಾತ್ರದ ಮೇಲೆ ಒಂದು ದಿನಾಂಕವನ್ನು ಮುದ್ರಿಸುತ್ತದೆ. ಮೊದಲ ಮೂರು ತಿಂಗಳ ಸ್ಕ್ಯಾನಿಂಗ್‌ನಲ್ಲಿ ವೈದ್ಯರು ನಿಗದಿಪಡಿಸಿದ ದಿನಾಂಕವನ್ನೇ ಕೊನೆಯವರೆಗೆ ಪಾಲಿಸಬೇಕು. ನಂತರದ ಸ್ಕ್ಯಾನಿಂಗ್‌ಗಳು ಬೆಳವಣಿಗೆಯನ್ನು ಅರಿಯಲು. ದಿನಾಂಕವನ್ನು ಬದಲಾಯಿಸಲು ಅಲ್ಲ. ಆದ್ದರಿಂದ ಮೊದಲ ವರದಿಯನ್ನು ತಾಯಿ ಕಾರ್ಡಿನೊಳಗೆ ಭದ್ರವಾಗಿ ಇಟ್ಟುಕೊಂಡು ಪ್ರತಿ ತಪಾಸಣೆಗೂ ಒಯ್ಯಬೇಕು.

ಕಾನೂನಿನ ಎಚ್ಚರಿಕೆ

ಸ್ಕ್ಯಾನಿಂಗ್ ಎಂದೊಡನೆ ಲಿಂಗಪತ್ತೆಯ ಆತಂಕ ಎದುರಾಗುವುದು ಸಹಜ. 1994ರ ಗರ್ಭಪೂರ್ವ ಮತ್ತು ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯು 1996ರ ಜನವರಿ 1ರಿಂದ ಜಾರಿಯಲ್ಲಿದ್ದು, 2003ರಲ್ಲಿ ಇನ್ನಷ್ಟು ಬಿಗಿಗೊಂಡಿದೆ. ನೋಂದಣಿಯಾದ ಕೇಂದ್ರದಲ್ಲಿ, ಅರ್ಹ ವೈದ್ಯರಿಂದ, ಕಾನೂನು ಒಪ್ಪಿದ ಕಾರಣಕ್ಕಾಗಿ ಮಾತ್ರ ಸ್ಕ್ಯಾನಿಂಗ್ ಮಾಡಿಸಬಹುದು. ಪ್ರತಿ ಗರ್ಭಿಣಿಯ ವಿವರವನ್ನು 'ಎಫ್' ನಮೂನೆಯಲ್ಲಿ ದಾಖಲಿಸಿ, ಮಗುವಿನ ಲಿಂಗ ತಿಳಿಯಲು ಬಯಸುವುದಿಲ್ಲವೆಂಬ ಅವಳ ಘೋಷಣೆಯನ್ನು ಪಡೆಯಬೇಕು. ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸುವುದು ಅಪರಾಧ. ತಪ್ಪಿತಸ್ಥರಿಗೆ ಮೊದಲ ಬಾರಿಗೆ ಮೂರು ವರ್ಷಗಳವರೆಗೆ, ಮತ್ತೆ ಮಾಡಿದರೆ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವಿದೆ. ಲಿಂಗಪತ್ತೆಗೆ ಒತ್ತಾಯಿಸುವ ಪತಿ ಮತ್ತು ಬಂಧುಗಳೂ ಶಿಕ್ಷೆಗೆ ಒಳಪಡುತ್ತಾರೆ.

2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲವು ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಲಿಂಗಪತ್ತೆ ನಡೆಸುತ್ತಿದ್ದುದು ತಮಗೆ ನೆನಪಿರಬಹುದು. ಆಸ್ಪತ್ರೆಯಲ್ಲದ ಸ್ಥಳದಲ್ಲಿ, ದಾಖಲೆಯಿಲ್ಲದೆ, ಮಧ್ಯವರ್ತಿಯ ಮೂಲಕ 'ಸ್ಕ್ಯಾನಿಂಗ್ ಮಾಡಿಸಿಕೊಡುತ್ತೇವೆ' ಎನ್ನುವವರ ಬಗ್ಗೆ ತಿಳಿದುಬಂದರೆ ಸಕ್ಷಮ ಪ್ರಾಧಿಕಾರದ ಗಮನಕ್ಕೆ ತರುವುದು ಸದಸ್ಯರ ಕರ್ತವ್ಯ. ಆದರೆ ಲಿಂಗಪತ್ತೆಯ ಭಯದಿಂದ ನ್ಯಾಯಸಮ್ಮತವಾದ ಮೊದಲ ಸ್ಕ್ಯಾನಿಂಗ್ ಅನ್ನೇ ಸಂಶಯದಿಂದ ನೋಡಬಾರದು. ಆಸ್ಪತ್ರೆಗೆ ಹೊರಟ ಗರ್ಭಿಣಿಯನ್ನು ಅನುಮಾನಿಸುವುದು ಅವಳನ್ನು ಆಸ್ಪತ್ರೆಯಿಂದಲೇ ದೂರ ಮಾಡಿದಂತೆ.

ಮಗುವಿನಲ್ಲಿ ಗಂಭೀರ ದೋಷ ಕಂಡುಬಂದ ಕುಟುಂಬಗಳಿಗೆ ಸಮಯ ಇನ್ನೂ ಅಮೂಲ್ಯ. 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯ್ದೆಯಂತೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ನಿಗದಿತ ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅನಂತರ ಗಂಭೀರ ದೋಷವಿದ್ದಲ್ಲಿ ವೈದ್ಯಕೀಯ ಮಂಡಳಿಯ ತೀರ್ಮಾನ ಬೇಕು. ಮುಂದೇನು ಎಂದು ವೈದ್ಯರೊಂದಿಗೆ ಕುಳಿತು ಯೋಚಿಸಲು ಕುಟುಂಬಕ್ಕೆ ಕಾಲಾವಕಾಶ ಸಿಗಬೇಕಾದರೆ ಸ್ಕ್ಯಾನಿಂಗ್‌ಗಳು ಸಕಾಲದಲ್ಲಿ ಆಗಿರಬೇಕು.

ನಮ್ಮ ಜಿಲ್ಲೆಯ ಪರಿಸ್ಥಿತಿ

ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ಆಸುಪಾಸಿನ ಪಂಚಾಯಿತಿಗಳಿಗೆ ದೂರ ದೊಡ್ಡ ಸಮಸ್ಯೆಯಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಾಗಲಿ ಭದ್ರಾವತಿಯ ತಾಲ್ಲೂಕು ಆಸ್ಪತ್ರೆಯಾಗಲಿ ಬಸ್ಸಿನ ದಾರಿಯಲ್ಲಿವೆ. ಇಲ್ಲಿನ ತೊಡಕು, ಗಂಡನ ಮನೆ, ತವರು, ನಗರದ ಬಾಡಿಗೆ ಮನೆ ಎಂದು ಮೂರು ಕಡೆ ಓಡಾಡುವ ಗರ್ಭಿಣಿ ಯಾರ ಪಟ್ಟಿಯಲ್ಲಿಯೂ ಸೇರದೆ ಹೋಗುವುದು. ಗೋಪಾಳದಂತಹ ಬಡಾವಣೆಗಳಲ್ಲಿ ನೆಲೆಸಿರುವ ತಮ್ಮ ಊರಿನ ಹೆಣ್ಣುಮಕ್ಕಳು ಎಲ್ಲಿದ್ದರೂ ಅಲ್ಲಿಯೇ ಮೊದಲು ನೋಂದಾಯಿಸಿಕೊಳ್ಳಬೇಕು. ತಾಯಿ ಕಾರ್ಡಿನೊಂದಿಗೆ ತವರಿಗೆ ಬಂದಾಗ ಅಲ್ಲಿ ತೋರಿಸಿದರೆ ಸೇವೆ ಮುಂದುವರಿಯುತ್ತದೆ ಎಂಬುದನ್ನು ಕುಟುಂಬಗಳಿಗೆ ತಿಳಿಸಬೇಕು.

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಕಾಡಂಚಿನ ಊರುಗಳ ಕಷ್ಟ ಬೇರೆ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದ ಜನರು ದಶಕಗಳ ಕಾಲ ಲಾಂಚ್‌ಗೆ ಕಾದು ಸಾಗರಕ್ಕೆ ಬರಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ನಂತರ ಆ ಕಾಯುವಿಕೆ ತಪ್ಪಿದೆ. ಆದರೂ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ, ಹಳ್ಳ ತುಂಬಿ ದಾರಿ ತಪ್ಪುವ ಊರುಗಳು ಇನ್ನೂ ಇವೆ. ಇಂತಹ ಕಡೆ ಹೆರಿಗೆಯ ದಿನಾಂಕ ಖಚಿತವಾಗಿದ್ದರೆ ಮಾತ್ರ ಒಂದು ವಾರ ಮುಂಚಿತವಾಗಿ ಪೇಟೆಯ ನೆಂಟರ ಮನೆಗೆ ಕರೆತರಲು ಸಾಧ್ಯ. ಜುಲೈ ತಿಂಗಳೋ ಆಗಸ್ಟ್ ತಿಂಗಳೋ ಎಂಬುದು ಆ ಊರುಗಳಲ್ಲಿ ಜೀವದ ಪ್ರಶ್ನೆ.

ಸದಸ್ಯರು ಮಾಡಬಹುದಾದ ಕೆಲಸ

1. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ 'ಈ ತಿಂಗಳು ನೋಂದಣಿಯಾದವರಲ್ಲಿ ಎಷ್ಟು ಮಂದಿ 12 ವಾರದೊಳಗೆ ಬಂದರು, ಎಷ್ಟು ಮಂದಿಗೆ ಮೊದಲ ಸ್ಕ್ಯಾನಿಂಗ್ ಆಗಿದೆ' ಎಂದು ಸಂಖ್ಯೆಯನ್ನು ಮಾತ್ರ ಕೇಳುವುದು. ಗರ್ಭಿಣಿಯರ ಹೆಸರನ್ನು ಸಭೆಯಲ್ಲಿ ಓದಿಸಬಾರದು. ಗುಟ್ಟು ಒಮ್ಮೆ ಒಡೆದರೆ ಮುಂದೆ ಯಾರೂ ಬೇಗ ಹೇಳಿಕೊಳ್ಳುವುದಿಲ್ಲ.

2. ತಮ್ಮ ವ್ಯಾಪ್ತಿಯ ಜನರಿಗೆ ಸ್ಕ್ಯಾನಿಂಗ್ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ, ಯಾವ ದಿನ, ಎಷ್ಟು ಗಂಟೆಗೆ ದೊರೆಯುತ್ತದೆ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಿಂದ ಲಿಖಿತವಾಗಿ ಪಡೆದು ಪಂಚಾಯಿತಿ ಮತ್ತು ಅಂಗನವಾಡಿಯ ಫಲಕದಲ್ಲಿ ಹಾಕಿಸುವುದು. ಒಂದು ದಿನದ ಕೂಲಿ ಬಿಟ್ಟು ಹೋದವರು ಬರಿಗೈಯಲ್ಲಿ ಮರಳಬಾರದು.

3. ನಿಶ್ಚಯ್ ಕಿಟ್ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳು ಆಶಾ ಕಾರ್ಯಕರ್ತೆಯ ಬಳಿ ದಾಸ್ತಾನಿವೆಯೇ ಎಂದು ವಿಚಾರಿಸುವುದು. ಇಲ್ಲವಾದರೆ ಆರೋಗ್ಯ ಕೇಂದ್ರಕ್ಕೆ ಪತ್ರ ಬರೆಯುವುದು.

4. ಹೊಸದಾಗಿ ಮದುವೆಯಾದ ಮನೆಗಳಿಗೆ ಒಂದು ಕ್ಯಾಲೆಂಡರ್ ಕೊಟ್ಟು, ಮುಟ್ಟು ಆರಂಭವಾದ ದಿನವನ್ನು ಪ್ರತಿ ತಿಂಗಳು ಗುರುತು ಹಾಕುವ ಅಭ್ಯಾಸವನ್ನು ಆಶಾ ಕಾರ್ಯಕರ್ತೆಯ ಮೂಲಕ ಬೆಳೆಸುವುದು. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

5. ತೋಟದ ಮನೆ, ಕಾಡಂಚಿನ ಕೇರಿ, ವಲಸೆ ಕೂಲಿಕಾರರ ಬಿಡಾರಗಳಲ್ಲಿರುವ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ದಿನ ವಾಹನದ ವ್ಯವಸ್ಥೆಯಾಗುವಂತೆ ಸಮಿತಿಯಲ್ಲಿ ಚರ್ಚಿಸಿ, ನಾಲ್ಕೈದು ಮಂದಿಯನ್ನು ಒಟ್ಟಿಗೆ ಕಳುಹಿಸುವುದು.

6. ಗ್ರಾಮ ಸಭೆಯಲ್ಲಿ ಅತ್ತೆಯಂದಿರು ಮತ್ತು ಪತಿಯರು ಕೇಳುವಂತೆ ಈ ವಿಷಯ ತಿಳಿಸುವುದು. ಆಸ್ಪತ್ರೆಗೆ ಯಾವಾಗ ಹೋಗಬೇಕೆಂಬುದನ್ನು ಅನೇಕ ಮನೆಗಳಲ್ಲಿ ನಿರ್ಧರಿಸುವವರು ಅವರೇ.

ನೆನಪಿಡಬೇಕಾದದ್ದು ಇಷ್ಟೇ. ಮುಟ್ಟು ತಪ್ಪಿದೊಡನೆ ನೋಂದಣಿ. ತೊಂದರೆಯಿದ್ದರೆ ಅಂದೇ ಆಸ್ಪತ್ರೆ. ದಿನಾಂಕ ನೆನಪಿಲ್ಲದಿದ್ದರೆ 7ರಿಂದ 9ನೆಯ ವಾರದಲ್ಲಿ, ಉಳಿದವರಿಗೆ 14 ವಾರ ತುಂಬುವುದರೊಳಗೆ ಮೊದಲ ಸ್ಕ್ಯಾನಿಂಗ್. ಮೊದಲ ವರದಿ ತಾಯಿ ಕಾರ್ಡಿನಲ್ಲಿ ಭದ್ರ. 18ರಿಂದ 20ನೆಯ ವಾರದಲ್ಲಿ ಮತ್ತೊಂದು ಸ್ಕ್ಯಾನಿಂಗ್. ಸದಸ್ಯರು ಈ ಮಾಹಿತಿಯನ್ನು ತಮ್ಮ ವಾರ್ಡಿನ ಪ್ರತಿ ಮನೆಗೂ ತಲುಪಿಸಲು, ಮುಂದಿನ ಸಾಮಾನ್ಯ ಸಭೆಯಲ್ಲಿ ಇದನ್ನು ಓದಿ ಚರ್ಚಿಸಲು ಕೋರಲಾಗಿದೆ.